ಮೂರು ಒಡಲಿನ ದೋಣಿ ಮಗುಚುವುದೇ ಇಲ್ಲವೇ? ಮಗುಚಿದರೆ ಮತ್ತೆ ಎತ್ತುವುದು ಹೇಗೆ?

ನೀಲಿ ಸಮುದ್ರ, ಬಿಳಿ ಹಾಯಿ. ನಡುವೆ ಒಂದು ತೆಳ್ಳಗಿನ ದೋಣಿ, ಅದರ ಎರಡೂ ಪಕ್ಕಕ್ಕೆ ತೋಳು ಚಾಚಿ ಹಿಡಿದಂತೆ ಎರಡು ಪುಟ್ಟ ದೋಣಿಗಳು. ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ನೋಡಿದವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ಮೂರು ಕಾಲಿನ ಸ್ಟೂಲು ಅಲ್ಲಾಡುವುದಿಲ್ಲ, ಹಾಗೆಯೇ ಮೂರು ಒಡಲಿನ ದೋಣಿ ಎಂಥ ಗಾಳಿಗೂ ಮಗುಚುವುದಿಲ್ಲ. ಅಕಸ್ಮಾತ್ ಮಗುಚಿದರೂ ಇಷ್ಟು ಹಗುರವಾದ ದೋಣಿಯನ್ನು ಇಬ್ಬರು ಸೇರಿ ತಳ್ಳಿದರೆ ಆಯಿತು. ಅದೂ ಆಗದಿದ್ದರೆ ದೋಣಿಯ ಸಹವಾಸ ಬಿಟ್ಟು ಈಜಿ ದಡ ಸೇರುವುದೇ ಜಾಣತನ.

ಈ ಮೂರು ಮಾತುಗಳಲ್ಲಿ ಮೊದಲನೆಯದು ಅರ್ಧ ಸತ್ಯ, ಎರಡನೆಯದು ತಪ್ಪು. ಮೂರನೆಯದು ಜೀವ ತೆಗೆಯುವ ತಪ್ಪು.

ಈ ದೋಣಿಗೆ ಟ್ರೈಮರಾನ್ ಎಂದು ಹೆಸರು. ಹೆಸರು ವಿದೇಶಿ ಅನ್ನಿಸಿದರೂ ಅದರ ಬಾಲ ನಮ್ಮದೇ. ತಮಿಳಿನ 'ಕಟ್ಟುಮರಂ' ಇಂಗ್ಲಿಷಿಗೆ ಹೋಗಿ ಕ್ಯಾಟಮರಾನ್ ಆಯಿತು. ಕಟ್ಟು, ಮರ ಎರಡೂ ಕನ್ನಡದಲ್ಲೂ ಇರುವ ಮಾತುಗಳೇ ಆದ್ದರಿಂದ ಅರ್ಥ ಬಿಡಿಸಿ ಹೇಳಬೇಕಿಲ್ಲ. ತಮಾಷೆಯೆಂದರೆ ತಮಿಳುನಾಡಿನ ಮೀನುಗಾರರ ಕಟ್ಟುಮರಕ್ಕೆ ಎರಡು ಒಡಲು ಇಲ್ಲವೇ ಇಲ್ಲ. ಅದು ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ತೆಪ್ಪ. ಯುರೋಪಿನವರು ಆ ಹೆಸರನ್ನು ಎರಡು ಒಡಲಿನ ದೋಣಿಗೆ ಅಂಟಿಸಿದರು. ಆಮೇಲೆ ಉಕ್ರೇನಿನಿಂದ ಅಮೆರಿಕಕ್ಕೆ ವಲಸೆ ಹೋದ ವಿಕ್ಟರ್ ಚೆಚೆಟ್ ಎಂಬ ದೋಣಿ ವಿನ್ಯಾಸಕಾರ, ಮೂರು ಒಡಲಿನ ದೋಣಿಗೆ ಟ್ರೈಮರಾನ್ ಎಂಬ ಪದ ಹುಟ್ಟಿಸಿದರು ಎನ್ನುತ್ತಾರೆ. ಅಕ್ಷರಶಃ ನೋಡಿದರೆ 'ಮೂರುಮರ'.

ಹೆಸರು ಹೊಸದಾದರೂ ಉಪಾಯ ಹಳೆಯದು. ಪೆಸಿಫಿಕ್ ದ್ವೀಪಗಳ ಜನ ತೆಳ್ಳಗಿನ ದೋಣಿಯ ಪಕ್ಕಕ್ಕೆ ತೇಲುವ ಮರ ಕಟ್ಟಿಕೊಂಡು ಸಾವಿರಾರು ಕಿಲೋಮೀಟರ್ ಸಾಗುತ್ತಿದ್ದರು. ಅಷ್ಟು ದೂರ ಯಾಕೆ, ಗೋವಾ, ಕಾರವಾರ, ಗೋಕರ್ಣದ ಕಡೆ ಸಮುದ್ರ ತೀರದಲ್ಲಿ ನಡೆದಾಡಿದವರು ಒಂದು ಪಕ್ಕಕ್ಕೆ ಮಾತ್ರ ಮರದ ದಿಮ್ಮಿ ಕಟ್ಟಿದ ಮೀನುಗಾರಿಕೆ ದೋಣಿಗಳನ್ನು ನೋಡಿಯೇ ಇರುತ್ತೀರಿ. ಆ ದಿಮ್ಮಿ ಎರಡೂ ಪಕ್ಕಕ್ಕೆ ಇದ್ದರೆ, ಮೇಲೊಂದು ಹಾಯಿ ಇದ್ದರೆ, ಅದೇ ಟ್ರೈಮರಾನ್. ಪಕ್ಕದ ಪುಟ್ಟ ಒಡಲನ್ನು ದೋಣಿಯವರು ಫ್ಲೋಟ್ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ.

ತಳಭಾರದ ಗೊಂಬೆ ಮತ್ತು ಊಟದ ತಟ್ಟೆ

ದೋಣಿ ಮಗುಚದಂತೆ ತಡೆಯಲು ಎರಡು ದಾರಿಗಳಿವೆ.

ತಂಜಾವೂರಿನ ರಾಜ ರಾಣಿ ಗೊಂಬೆಯನ್ನು ನೆನಪಿಸಿಕೊಳ್ಳಿ. ಎಷ್ಟು ಸಲ ತಳ್ಳಿ ಬೀಳಿಸಿದರೂ ತಾನೇ ಎದ್ದು ನಿಲ್ಲುತ್ತದೆ. ಅದರ ತಳ ದುಂಡಗಿದೆ, ಭಾರವೆಲ್ಲ ತಳದಲ್ಲೇ ಇದೆ. ಒಂದೇ ಒಡಲಿನ ದೊಡ್ಡ ಹಾಯಿದೋಣಿಗಳು ಇದೇ ರೀತಿ. ಅವುಗಳ ಹೊಟ್ಟೆಯ ಕೆಳಗೆ ನೀರಿನೊಳಗೆ ಮೀನಿನ ಈಜುರೆಕ್ಕೆಯಂತೆ ಒಂದು ಭಾರವಾದ ಸೀಸದ ಅಥವಾ ಕಬ್ಬಿಣದ ಹಲಗೆ ಇರುತ್ತದೆ. ಅದಕ್ಕೆ ಕೀಲ್ ಎನ್ನುತ್ತಾರೆ. ಸಾಮಾನ್ಯವಾಗಿ ದೋಣಿಯ ಒಟ್ಟು ತೂಕದ ಮೂರನೇ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ಅಲ್ಲೇ ಇರುತ್ತದೆ. ಅಲೆ ಹೊಡೆದು ದೋಣಿ ಪೂರ್ತಿ ಉರುಳಿದರೂ ಆ ಭಾರ ಅದನ್ನು ಮತ್ತೆ ನೆಟ್ಟಗೆ ಮಾಡುತ್ತದೆ.

ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಅವರ ಸುದ್ದಿ ನೆನಪಿದೆಯೇ? 2018ರ ಸೆಪ್ಟೆಂಬರಿನಲ್ಲಿ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಒಬ್ಬರೇ ಸಾಗುತ್ತಿದ್ದಾಗ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ 'ತುರಿಯಾ' ದೋಣಿ ಉರುಳಿತು. ಹಾಯಿಕಂಬಗಳು ಮುರಿದವು, ಅವರ ಬೆನ್ನಿಗೆ ತೀವ್ರ ಪೆಟ್ಟಾಯಿತು. ಆದರೆ ದೋಣಿ ಬೋರಲಾಗಿ ಉಳಿಯಲಿಲ್ಲ, ತಾನೇ ಎದ್ದು ನಿಂತಿತು. ಅವರು ಅದರೊಳಗೇ ಮಲಗಿ ಸಹಾಯಕ್ಕೆ ಕಾದರು. ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗು 'ಓಸಿರಿಸ್' ಬಂದು ಅವರನ್ನು ಕರೆದೊಯ್ದಿತು. ಎದ್ದು ನಿಲ್ಲಿಸಿದ್ದು ಕೀಲಿನ ಭಾರ.

ಇನ್ನೊಂದು ದಾರಿ ಅಗಲದ್ದು. ಊಟದ ತಟ್ಟೆಯನ್ನು ನೀರಿನ ಮೇಲೆ ತೇಲಿಬಿಡಿ. ಅಂಚನ್ನು ಬೆರಳಿನಿಂದ ಒತ್ತಿದರೂ ಸುಲಭಕ್ಕೆ ಮಗುಚುವುದಿಲ್ಲ. ಭಾರದ ಹಂಗಿಲ್ಲದೆ ಬರೀ ಅಗಲದಿಂದ ಬಂದ ಸ್ಥಿರತೆ ಇದು. ತುಂಗಭದ್ರೆಯ, ಕಾವೇರಿಯ ಹರಿಗೋಲು ನಿಲ್ಲುವುದೂ ಹೀಗೆಯೇ. ಟ್ರೈಮರಾನ್ ಈ ಗುಂಪಿನದು. ಗಾಳಿ ಹಾಯಿಯನ್ನು ಬಲಕ್ಕೆ ತಳ್ಳಿದರೆ ಬಲಗಡೆಯ ಫ್ಲೋಟ್ ನೀರಿಗೆ ಒತ್ತುತ್ತದೆ, ನೀರು ಅದನ್ನು ಮೇಲಕ್ಕೆ ನೂಕುತ್ತದೆ. ಫ್ಲೋಟ್ ಮಧ್ಯದಿಂದ ದೂರ ಇರುವುದರಿಂದ ಆ ನೂಕುವಿಕೆಗೆ ಬಲ ಜಾಸ್ತಿ. ಬಾಗಿಲನ್ನು ತಿರುಗಣೆಯ ಹತ್ತಿರ ತಳ್ಳುವುದಕ್ಕೂ ಹಿಡಿಕೆಯ ಹತ್ತಿರ ತಳ್ಳುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ ಇರುವುದು. ಕೀಲಿನ ಭಾರ ಹೊರಬೇಕಿಲ್ಲವಾದ್ದರಿಂದ ದೋಣಿ ಹಗುರ. ಹಗುರವಾದ್ದರಿಂದ ವೇಗ.

ಆದರೆ ತಟ್ಟೆಯನ್ನು ಒಮ್ಮೆ ಬೋರಲು ಹಾಕಿ ನೋಡಿ. ಬೋರಲಾಗಿಯೂ ಅದು ಅಷ್ಟೇ ಗಟ್ಟಿಯಾಗಿ ಕೂರುತ್ತದೆ. ಯಾವ ಅಗಲ ಅದನ್ನು ಮಗುಚದಂತೆ ಹಿಡಿದಿತ್ತೋ ಅದೇ ಅಗಲ ಈಗ ಏಳದಂತೆ ಹಿಡಿಯುತ್ತದೆ. ಇಡೀ ಲೇಖನದ ತಿರುಳು ಇಷ್ಟೇ. ಮುಂದೆ ಬರುವ ಎಲ್ಲ ಉಪಾಯಗಳೂ ಆ ಅಗಲದ ಹಿಡಿತವನ್ನು ತಪ್ಪಿಸುವ ಉಪಾಯಗಳೇ.

ಹಾಗಾದರೆ ಮಗುಚುವುದು ಯಾವಾಗ?

ಮೊದಲ ಹತ್ತಿಪ್ಪತ್ತು ಡಿಗ್ರಿ ವಾಲುವವರೆಗೆ ಟ್ರೈಮರಾನ್ ಒಂದೇ ಒಡಲಿನ ದೋಣಿಗಿಂತ ಎಷ್ಟೋ ಗಟ್ಟಿ. ಮೊದಲ ಮಾತು ಅರ್ಧ ಸತ್ಯ ಎಂದಿದ್ದು ಅದಕ್ಕೇ. ಅದನ್ನು ದಾಟಿ ವಾಲಿದಂತೆಲ್ಲ ತಡೆಯುವ ಬಲ ಇಳಿಯುತ್ತಾ ಹೋಗುತ್ತದೆ. ದೋಣಿ ಪಕ್ಕಕ್ಕೆ ನೆಟ್ಟಗೆ ನಿಲ್ಲುವಷ್ಟು, ಅಂದರೆ 90 ಡಿಗ್ರಿಯ ಆಸುಪಾಸು ಬರುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಅಲ್ಲಿಂದಾಚೆ ದೋಣಿ ಮಗುಚಲು ತಾನೇ ಸಹಕರಿಸುತ್ತದೆ. ಕೀಲ್ ಇರುವ ದೋಣಿ 120 ಡಿಗ್ರಿ ವಾಲಿದ ಮೇಲೂ ವಾಪಸು ಬರಬಲ್ಲದು.

ಸಾಮಾನ್ಯವಾಗಿ ಆಗುವುದು ಹೀಗೆ. ಹಾಯಿಯನ್ನು ಎಳೆದು ಹಿಡಿಯುವ ಹಗ್ಗವನ್ನು ಕೊಕ್ಕೆಗೆ ಸಿಕ್ಕಿಸಿ ಆರಾಮಾಗಿ ಕೂತಿರುತ್ತಾರೆ. ಬೀಸುಗಾಳಿ ಒಮ್ಮೆಲೇ ಬಂದಾಗ ಹಗ್ಗ ಸಡಿಲಿಸಲು ಪುರುಸೊತ್ತು ಸಿಗುವುದಿಲ್ಲ. ಅಥವಾ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ವೇಗವಾಗಿ ಹೋಗುವಾಗ ಫ್ಲೋಟಿನ ಮೂತಿ ಮುಂದಿನ ಅಲೆಯೊಳಗೆ ಹೂತುಹೋಗುತ್ತದೆ. ಮುಂದಿನ ಬ್ರೇಕ್ ಮಾತ್ರ ಒತ್ತಿದ ಸೈಕಲಿನ ಹಾಗೆ ದೋಣಿ ಮೂತಿಯ ಮೇಲೆ ಲಾಗ ಹಾಕುತ್ತದೆ. ಎರಡರಲ್ಲೂ ಕೆಲವೇ ಸೆಕೆಂಡಿನ ಆಟ.

ಮಗುಚಿದ ಮೊದಲ ಕೆಲವು ನಿಮಿಷ

ದೋಣಿ ಎತ್ತುವ ಯೋಚನೆಗೆ ಮೊದಲು ತಲೆ ಎಣಿಸಬೇಕು. ಎಷ್ಟು ಜನ ಇದ್ದೆವು, ಎಷ್ಟು ಜನ ಕಾಣುತ್ತಿದ್ದಾರೆ? ಹಾಯಿಯ ಅಡಿಯಲ್ಲಿ ಯಾರಾದರೂ ಸಿಕ್ಕಿಕೊಂಡರೆ ಮೇಲೆ ಬರಲು ಬಟ್ಟೆ ಅಡ್ಡ ಬರುತ್ತದೆ. ಹಾಗೆ ಸಿಕ್ಕಿದವರು ಗಾಬರಿಯಲ್ಲಿ ಒದ್ದಾಡದೆ ಅಂಗೈಯಿಂದ ಹಾಯಿಯನ್ನು ಮೇಲಕ್ಕೆ ಎತ್ತಿದರೆ ಅಲ್ಲೇ ಒಂದಿಷ್ಟು ಗಾಳಿಗೆ ಜಾಗ ಆಗುತ್ತದೆ. ಆಮೇಲೆ ಹಾಯಿಯ ಹೊಲಿಗೆ ಸಾಲನ್ನೇ ಹಿಡಿದು ಒಂದೇ ದಿಕ್ಕಿಗೆ ಸಾಗಿದರೆ ಅಂಚು ಸಿಗುತ್ತದೆ. ಹಗ್ಗಗಳು ಕಾಲಿಗೆ ಸುತ್ತಿಕೊಳ್ಳುವುದು ಇನ್ನೊಂದು ಅಪಾಯ. ಲೈಫ್ ಜಾಕೆಟ್ಟಿಗೆ ಒಂದು ಸಣ್ಣ ಚಾಕು ಕಟ್ಟಿಕೊಳ್ಳುವ ಅಭ್ಯಾಸ ಅನುಭವಿಗಳಲ್ಲಿ ಇರುವುದು ಇದಕ್ಕೇ.

ಎಲ್ಲರೂ ಸಿಕ್ಕಿದ ಮೇಲೆ ಪ್ರತಿಯೊಬ್ಬರೂ ದೋಣಿಯ ಯಾವುದಾದರೂ ಭಾಗವನ್ನು ಹಿಡಿದಿರಬೇಕು. ಗಾಳಿ ಇರುವಾಗ ಬೋರಲಾದ ಹಗುರ ದೋಣಿ ನಾವು ಊಹಿಸುವುದಕ್ಕಿಂತ ಬೇಗ ದೂರ ಸರಿಯುತ್ತದೆ. ತೇಲಿಹೋದ ಚಪ್ಪಲಿ, ನೀರಿನ ಬಾಟಲಿ, ಟೋಪಿ ಹಿಡಿಯಲು ಹೋಗಿ ದೋಣಿಯನ್ನೇ ಕಳೆದುಕೊಳ್ಳಬಾರದು.

ಇಬ್ಬರು ತಳ್ಳಿದರೆ ಏಳುವುದಿಲ್ಲ ಯಾಕೆ?

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಗಣಿತ ಅಂದ ಕೂಡಲೇ ಫೋನ್ ಕೆಳಗಿಡಬೇಡಿ, ಎರಡೇ ಗುಣಾಕಾರ.

ಒಂದು ನಿಜವಾದ ಪುಟ್ಟ ಟ್ರೈಮರಾನನ್ನೇ ತೆಗೆದುಕೊಳ್ಳೋಣ. ಅಮೆರಿಕದ ಹೋಬಿ ಕಂಪನಿಯ 'ಅಡ್ವೆಂಚರ್ ಐಲ್ಯಾಂಡ್' ಎಂಬ ದೋಣಿ. ನಡುವೆ ಪೆಡಲ್ ಇರುವ ಒಂದು ಕಯಾಕ್, ಎರಡು ಪಕ್ಕಕ್ಕೆ ಮಡಚಬಹುದಾದ ತೋಳುಗಳು, ತುದಿಯಲ್ಲಿ ಫ್ಲೋಟ್. ಉದ್ದ ಸುಮಾರು 5 ಮೀಟರ್. ತೋಳು ಚಾಚಿದಾಗ ಅಗಲ ಸುಮಾರು 2.9 ಮೀಟರ್, ಮಡಚಿದಾಗ 1.2 ಮೀಟರಿನ ಆಸುಪಾಸು. ಹಾಯಿ ಎಲ್ಲ ಸೇರಿ ತೂಕ ಸುಮಾರು 85 ಕೆ.ಜಿ. ನೆಲದ ಮೇಲಾದರೆ ಇಬ್ಬರು ಎತ್ತಿ ಒಯ್ಯುವ ದೋಣಿ.

ಅದು ನೀರಿನಲ್ಲಿ ಬೋರಲಾಗಿದೆ. ನೀವು ಒಂದು ಫ್ಲೋಟಿನ ಮೇಲೆ ನಿಂತು, ಆಚೆ ಪಕ್ಕದ ಫ್ಲೋಟಿಗೆ ಕಟ್ಟಿದ ಹಗ್ಗ ಹಿಡಿದು, ಬಾವಿಯಿಂದ ನೀರು ಸೇದುವವರ ಹಾಗೆ ಹಿಂದಕ್ಕೆ ವಾಲುತ್ತೀರಿ. ದೋಣಿ ನಿಮ್ಮ ಕಾಲಡಿಯ ಫ್ಲೋಟಿನ ಸುತ್ತ ತಿರುಗಬೇಕು. ದೋಣಿಯ ಭಾರ ಇರುವುದು ನಡುವೆ, ಅಂದರೆ ನಿಮ್ಮ ಕಾಲಿನಿಂದ 1.45 ಮೀಟರ್ ದೂರ. 85 ಕೆ.ಜಿ. ಗುಣಿಸು 1.45 ಮೀಟರ್, ಸುಮಾರು 123. ನಿಮ್ಮ ತೂಕ 65 ಕೆ.ಜಿ. ಇರಲಿ. ಎಷ್ಟೇ ಹಿಂದಕ್ಕೆ ವಾಲಿದರೂ ನಿಮ್ಮ ಮೈಯ ಭಾರ ಕಾಲಿನಿಂದ 0.9 ಮೀಟರಿಗಿಂತ ಹೆಚ್ಚು ಆಚೆ ಹೋಗುವುದು ಕಷ್ಟ. 65 ಗುಣಿಸು 0.9, ಅಂದರೆ 58 ಚಿಲ್ಲರೆ. 123ರ ಎದುರು 58! ಇನ್ನೊಬ್ಬರು ಜೊತೆಗೂಡಿದರೂ 117. ಅಷ್ಟರಲ್ಲಿ ನೀರಿನೊಳಗಿರುವ ಹಾಯಿ ಒದ್ದೆ ಕಂಬಳಿಯಂತೆ ನೀರನ್ನೆಲ್ಲ ಎಳೆದುಕೊಂಡು ಬರುತ್ತದೆ.

ನೀರಿನಲ್ಲಿ ತೇಲುತ್ತಾ ಕೆಳಗಿನಿಂದ ತಳ್ಳುವುದಂತೂ ಇನ್ನೂ ವ್ಯರ್ಥ. ಕಾಲಿಗೆ ನೆಲವಿಲ್ಲ. ದೋಣಿಯನ್ನು ಮೇಲಕ್ಕೆ ನೂಕಿದಷ್ಟೂ ನೀವು ಕೆಳಕ್ಕೆ ಹೋಗುತ್ತೀರಿ, ಅಷ್ಟೇ.

ತೋಳು ಮಡಚುವ ಉಪಾಯ

ಶಕ್ತಿ ಹೆಚ್ಚಿಸಲು ಆಗದಿದ್ದರೆ ಅಗಲವನ್ನೇ ಕಡಿಮೆ ಮಾಡಬೇಕು. ಮಡಚುವ ತೋಳಿನ ದೋಣಿ ಇರುವವರು ಮಾಡುವುದು ಇದನ್ನೇ.

ಮೊದಲು ಹಾಯಿಯನ್ನು ಸುತ್ತಿಬಿಡಬೇಕು. ಇಂಥ ಪುಟ್ಟ ದೋಣಿಗಳಲ್ಲಿ ಹಾಯಿ ಕಂಬಕ್ಕೇ ಚಾಪೆಯಂತೆ ಸುತ್ತಿಕೊಳ್ಳುತ್ತದೆ. ಹಗ್ಗ ಎಳೆದರೆ ನೀರಿನೊಳಗೂ ಸುತ್ತಬಹುದು. ಪೂರ್ತಿ ಸುತ್ತಲಾಗದಿದ್ದರೆ ಕನಿಷ್ಠ ಹಾಯಿಯನ್ನು ಬಿಗಿಹಿಡಿದ ಹಗ್ಗವನ್ನು ಕೊಕ್ಕೆಯಿಂದ ಬಿಡಿಸಿ ಪೂರ್ತಿ ಸಡಿಲ ಬಿಡಬೇಕು. ಇಲ್ಲದಿದ್ದರೆ ದೋಣಿ ಎದ್ದ ತಕ್ಷಣ ಹಾಯಿಗೆ ಗಾಳಿ ತುಂಬಿ ಇನ್ನೊಂದು ಪಕ್ಕಕ್ಕೆ ಬೀಳುತ್ತದೆ, ಅಥವಾ ನಿಮ್ಮನ್ನು ಬಿಟ್ಟು ಹೊರಟೇ ಹೋಗುತ್ತದೆ. ಎರಡನೆಯದು ನಗು ಬರಿಸುವಂತಿದ್ದರೂ ಒಂಟಿಯಾಗಿ ಹೋದವರಿಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಸಾಧ್ಯವಾದರೆ ದೋಣಿಯ ಮೂತಿಯನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿಕೊಳ್ಳಬೇಕು.

ಆಮೇಲೆ ಒಂದು ಪಕ್ಕದ ತೋಳಿನ ಕೊಂಡಿ ಬಿಡಿಸಿ ಆ ಫ್ಲೋಟನ್ನು ನಡು ಒಡಲಿಗೆ ಅಂಟುವಂತೆ ಮಡಚಬೇಕು. ಒಂದು ಪಕ್ಕ ಮಾತ್ರ. ಈಗ ದೋಣಿ ಒಂದೇ ರೆಕ್ಕೆಯ ಹಕ್ಕಿ. ಮಡಚಿದ ಪಕ್ಕಕ್ಕೆ ನೀವು ಹೋಗಿ, ಚಾಚಿರುವ ಆಚೆ ತೋಳಿಗೆ ಕಟ್ಟಿದ ಹಗ್ಗವನ್ನು ಬೋರಲಾದ ಹೊಟ್ಟೆಯ ಮೇಲಿನಿಂದ ಈಚೆ ತಂದು, ಮಡಚಿದ ಅಂಚಿನ ಮೇಲೆ ಕಾಲಿಟ್ಟು ಹಿಂದಕ್ಕೆ ವಾಲಬೇಕು.

ಲೆಕ್ಕ ಈಗ ಬದಲಾಗಿದೆ. ಕಾಲಿನಿಂದ ದೋಣಿಯ ಭಾರಕ್ಕೆ ಇದ್ದ 1.45 ಮೀಟರ್ ದೂರ ಈಗ ಹೆಚ್ಚೆಂದರೆ 0.7 ಮೀಟರ್. 85 ಗುಣಿಸು 0.7, ಸುಮಾರು 60. ನಿಮ್ಮದು 58. ಮಡಚಿದ ಫ್ಲೋಟ್ ನಿಮ್ಮ ತೂಕಕ್ಕೆ ಸ್ವಲ್ಪ ಮುಳುಗುವುದರಿಂದ ದೋಣಿ ತಿರುಗುವ ಜಾಗ ಇನ್ನೂ ಒಳಕ್ಕೆ ಸರಿದು ನಿಮಗೇ ಅನುಕೂಲ. ಇದು ಮೋಟಾ ಲೆಕ್ಕವೇ ಹೌದು, ಅಲೆ, ಗಾಳಿ, ಒಳಗೆ ಸೇರಿದ ನೀರು ಎಲ್ಲವೂ ಅದನ್ನು ಆಚೀಚೆ ಮಾಡುತ್ತವೆ. ಆದರೆ ಇಬ್ಬರಿಗೂ ಆಗದ ಕೆಲಸ ಒಬ್ಬರ ಕೈಗೆ ಎಟುಕುವಂತಾಗಿದ್ದು ಕಾಣುತ್ತದಲ್ಲ, ಅಷ್ಟು ಸಾಕು.

ಎಳೆಯುವಾಗ ಕುಲುಕಬಾರದು. ಮೈಭಾರ ಹಾಕಿ ಸುಮ್ಮನೆ ನೇತಾಡುತ್ತಾ ಕಾಯಬೇಕು. ಮೊದಲು ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ನೀರಿನೊಳಗಿನ ಕಂಬ ನಿಧಾನಕ್ಕೆ ಪಕ್ಕಕ್ಕೆ ಬರಬೇಕಲ್ಲ! ಆಚೆ ಫ್ಲೋಟ್ ನೀರು ಬಿಟ್ಟು ಮೇಲೇಳುತ್ತಿದ್ದಂತೆ ಕೆಲಸ ಹಗುರಾಗುತ್ತದೆ, ಅರ್ಧ ದಾಟಿದ ಮೇಲೆ ದೋಣಿ ಸರ್ರನೆ ಬರುತ್ತದೆ.

ಎಚ್ಚರ ಬೇಕಾಗಿರುವುದು ಆ ಸರ್ರನೆ ಬರುವ ಗಳಿಗೆಯಲ್ಲೇ. ನೀವು ಎಳೆಯುತ್ತಿರುವ ಫ್ಲೋಟ್ ಆಕಾಶಕ್ಕೆ ಎದ್ದು, ನಿಮ್ಮ ತಲೆಯ ಮೇಲಿಂದ ದಾಟಿ, ನೀವಿರುವ ಕಡೆಗೇ ಬೀಳುತ್ತದೆ. ಹಗ್ಗ ಬಿಟ್ಟು ಒಡಲಿಗೆ ಒತ್ತಿಕೊಂಡು ತಲೆ ತಗ್ಗಿಸಬೇಕು. ಆಗ ಫ್ಲೋಟ್ ನಿಮ್ಮ ಬೆನ್ನ ಹಿಂದೆ ನೀರಿಗೆ ಬೀಳುತ್ತದೆ, ನೀವು ಒಡಲು ಮತ್ತು ಫ್ಲೋಟಿನ ನಡುವೆ ಇರುತ್ತೀರಿ. ಇದರಲ್ಲೊಂದು ಒಳ್ಳೆಯದೂ ಇದೆ. ಚಾಚಿದ ತೋಳು ಈಗ ನಿಮ್ಮ ಕಡೆಗಿದೆ, ಮಡಚಿದ್ದು ಆಚೆ ಹೋಗಿದೆ. ನೀವು ಹತ್ತುವಾಗ ದೋಣಿ ನಿಮ್ಮ ಕಡೆಗೆ ವಾಲಿದರೂ ಫ್ಲೋಟ್ ತಡೆಯುತ್ತದೆ. ಹತ್ತಿದ ಮೇಲೆ ಆಚೆ ಪಕ್ಕಕ್ಕೆ ಭಾರ ಹಾಕದೆ, ಮಡಚಿದ ತೋಳನ್ನು ಮೊದಲು ಚಾಚಿ ಕೊಂಡಿ ಹಾಕಬೇಕು. ನೀರು ಹೊರಹಾಕುವುದು, ಹಾಯಿ ಬಿಚ್ಚುವುದು ಎಲ್ಲ ಆಮೇಲೆ.

ತೋಳು ಮಡಚಲಾಗದ ದೋಣಿಯಾದರೆ?

ಎಲ್ಲ ಟ್ರೈಮರಾನುಗಳ ತೋಳೂ ಮಡಚುವುದಿಲ್ಲ. ಮಡಚುವಂಥದ್ದಿದ್ದರೂ ನೀರಿನಲ್ಲಿ ಬೋರಲಾದಾಗ ಮಡಚಲು ಆಗದಿರಬಹುದು. ಅಲ್ಲಿ ಬೇರೆ ದಾರಿಗಳು ಬೇಕು.

ಎಲ್ಲಕ್ಕಿಂತ ಒಳ್ಳೆಯದು ಪೂರ್ತಿ ಬೋರಲಾಗದಂತೆ ಮೊದಲೇ ನೋಡಿಕೊಳ್ಳುವುದು. ಹಾಯಿಕಂಬದ ತುದಿಗೆ ಗಾಳಿ ಅಥವಾ ಫೋಮ್ ತುಂಬಿದ ಒಂದು ಬುಡ್ಡೆ ಕಟ್ಟುತ್ತಾರೆ. ನೋಡಲು ಚಂದವಿಲ್ಲ, ಸಂತೆಯಲ್ಲಿ ಬಲೂನು ಮಾರುವವರ ಕೋಲಿನಂತೆ ಕಾಣುತ್ತದೆ. ಆದರೆ 10 ಲೀಟರಿನ ಬುಡ್ಡೆಯನ್ನು ನೀರಿನಲ್ಲಿ ಮುಳುಗಿಸಲು ಸುಮಾರು 10 ಕೆ.ಜಿ. ಬಲ ಬೇಕು. ಅದು 6 ಮೀಟರ್ ದೂರದ ಕಂಬದ ತುದಿಯಲ್ಲಿದ್ದರೆ 10 ಗುಣಿಸು 6, ಅಂದರೆ 60. ಹಿಂದಿನ ಲೆಕ್ಕದಲ್ಲಿ ಒಬ್ಬ ಮನುಷ್ಯ ನೇತಾಡಿ ಕೊಟ್ಟದ್ದು 58 ಎಂಬುದು ನೆನಪಿರಲಿ. ಹೀಗೆ ದೋಣಿ ಪಕ್ಕಕ್ಕೆ ಮಲಗಿದ ಸ್ಥಿತಿಯಲ್ಲೇ ನಿಂತರೆ ಅಲ್ಲಿಂದ ಎತ್ತುವುದು ಬೋರಲಿನಿಂದ ಎತ್ತುವುದಕ್ಕಿಂತ ಬಹಳ ಸುಲಭ. ಅರ್ಧ ದಾರಿ ಆಗಲೇ ಮುಗಿದಿರುತ್ತದೆ.

ಬೋರಲಾಗಿಯೇ ಹೋದರೆ, ಒಂದು ಫ್ಲೋಟಿನೊಳಗೆ ಬೇಕೆಂದೇ ನೀರು ತುಂಬಿಸಿ ಅದನ್ನು ಮುಳುಗಿಸುವ ಕ್ರಮವಿದೆ. ಮುಳುಗಿದ ಫ್ಲೋಟ್ ಇದ್ದೂ ಇಲ್ಲದಂತೆ. ಅಗಲ ಮತ್ತೆ ಅರ್ಧವಾಗುತ್ತದೆ. ಇನ್ನೂ ದೊಡ್ಡ ದೋಣಿಗಳಲ್ಲಿ ಅಡ್ಡಡ್ಡ ಬಿಟ್ಟು ಉದ್ದುದ್ದಕ್ಕೆ ತಿರುಗಿಸುತ್ತಾರೆ. ಹಿಂಬದಿಗೆ ಭಾರ ಹಾಕಿ ಅಥವಾ ನೀರು ತುಂಬಿಸಿ ಅದನ್ನು ಮುಳುಗಿಸುವುದು, ಮೂತಿಗೆ ಕಟ್ಟಿದ ಉದ್ದನೆಯ ಹಗ್ಗವನ್ನು ಹೊಟ್ಟೆಯ ಮೇಲಿನಿಂದ ಹಿಂಬದಿಗೆ ತಂದು ಇನ್ನೊಂದು ಮೋಟಾರು ದೋಣಿಯಿಂದ ಎಳೆಯುವುದು. ಮೂತಿ ಎದ್ದು ಹಿಮ್ಮುಖವಾಗಿ ಲಾಗ ಹೊಡೆಯುತ್ತದೆ. ಎಳೆಯುವ ದೋಣಿಯವರು ಅವಸರ ಮಾಡಿದರೆ ಕಂಬ ಮುರಿಯುತ್ತದೆ, ಹಗ್ಗ ತುಂಡಾದರೆ ಚಾವಟಿಯಂತೆ ಬಡಿಯುತ್ತದೆ. ಆದ್ದರಿಂದ ಎಳೆಯುವಾಗ ಯಾರೂ ಹಗ್ಗದ ನೇರಕ್ಕೆ ಇರಬಾರದು, ನಿಧಾನದ ಗೇರಿನಲ್ಲೇ ಎಳೆಯಬೇಕು. ನೀರು ಆಳವಿಲ್ಲದ ಕಡೆ ಕಂಬದ ತುದಿ ಕೆಸರಿಗೆ ಹೂತಿರುತ್ತದೆ. ಆಗ ಎತ್ತುವ ಮೊದಲು ದೋಣಿಯನ್ನು ಆಳದ ಕಡೆಗೆ ಸ್ವಲ್ಪ ಸರಿಸಿ ಕಂಬ ಬಿಡಿಸಿಕೊಳ್ಳಬೇಕು.

ಏಳದೇ ಹೋದರೆ ಈಜಿ ದಡ ಸೇರಬೇಕೇ?

ಬೇಡ. ಈ ಒಂದು ಮಾತಿಗಾಗಿಯೇ ಇಷ್ಟು ಬರೆದದ್ದು ಎಂದರೂ ತಪ್ಪಿಲ್ಲ.

'ಮಗುಚಿದ ದೋಣಿ ಮುಳುಗುವಾಗ ನಮ್ಮನ್ನೂ ಎಳೆದುಕೊಂಡು ಹೋಗುತ್ತದೆ' ಎಂಬ ಭಯ ಜನರಲ್ಲಿದೆ. ಪುಟ್ಟ ಟ್ರೈಮರಾನಿಗೆ ಕೆಳಕ್ಕೆ ಎಳೆಯುವ ಕೀಲ್ ಇಲ್ಲ, ಒಡಲಿನಲ್ಲೂ ಫ್ಲೋಟುಗಳಲ್ಲೂ ಮುಚ್ಚಿದ ಗಾಳಿ ಅಥವಾ ಫೋಮ್ ಇದೆ. ಮುಚ್ಚಳಗಳನ್ನು ಸರಿಯಾಗಿ ಹಾಕಿದ್ದರೆ ಅದು ಬೋರಲಾಗಿ ತೇಲುತ್ತಲೇ ಇರುತ್ತದೆ. ಅಗಲ ಅದನ್ನು ಏಳಲು ಬಿಡುವುದಿಲ್ಲ ನಿಜ, ಆದರೆ ಅದೇ ಅಗಲ ಈಗ ನಿಮಗೊಂದು ತೆಪ್ಪ.

ಇದು ಎಷ್ಟು ದಿನ ನಡೆಯಬಲ್ಲದು ಎಂಬುದಕ್ಕೆ ನ್ಯೂಜಿಲೆಂಡಿನ ಒಂದು ಘಟನೆ ಇದೆ. 1989ರ ಜೂನ್ ತಿಂಗಳ ಆರಂಭದಲ್ಲಿ 'ರೋಸ್ ನೊಯೆಲ್' ಎಂಬ ಸುಮಾರು 12 ಮೀಟರಿನ ಟ್ರೈಮರಾನ್ ಪಿಕ್ಟನ್ ಬಂದರಿನಿಂದ ಟೋಂಗಾ ದ್ವೀಪಗಳಿಗೆ ಹೊರಟಿತು. ಒಳಗೆ ನಾಲ್ವರು. ಜೂನ್ 4ರಂದು ಒಂದು ದೈತ್ಯ ಅಲೆ ದೋಣಿಯನ್ನು ಬೋರಲು ಹಾಕಿತು. ಅದನ್ನು ಎತ್ತಲು ಸಾಧ್ಯವಾಗಲಿಲ್ಲ. ನಾಲ್ವರೂ ಬೋರಲಾದ ದೋಣಿಯಲ್ಲೇ, ಒಂದು ಮಂಚದಷ್ಟು ಜಾಗದಲ್ಲಿ ಒತ್ತಿಕೊಂಡು ಮಲಗುತ್ತಾ, ಮಳೆ ನೀರು ಹಿಡಿದು, ಮೀನು ಹಿಡಿದು ತಿಂದು 119 ದಿನ ಕಳೆದರು. ಸೆಪ್ಟೆಂಬರ್ 30ರಂದು ದೋಣಿ ತೇಲುತ್ತಾ ಬಂದು ಗ್ರೇಟ್ ಬ್ಯಾರಿಯರ್ ದ್ವೀಪದ ಬಂಡೆಗೆ ಬಡಿಯಿತು. ನಾಲ್ವರೂ ಬದುಕಿ ದಡ ಹತ್ತಿದರು.

ಅವರ ಮಾತನ್ನು ಎಷ್ಟೋ ಜನ ನಂಬಲೇ ಇಲ್ಲ. ನಾಲ್ಕು ತಿಂಗಳು ಸಮುದ್ರದಲ್ಲಿದ್ದವರು ಇಷ್ಟು ಗಟ್ಟಿಮುಟ್ಟಾಗಿ ಇರುವುದುಂಟೇ, ಎಲ್ಲೋ ಅಡಗಿದ್ದು ಬಂದಿದ್ದಾರೆ ಎಂಬ ಗುಲ್ಲು ಹಬ್ಬಿತು. ಆಗ ವಾಟ್ಸ್ಆ್ಯಪ್ ಇರಲಿಲ್ಲ, ಆದರೂ ಗುಲ್ಲಿಗೇನೂ ಕೊರತೆಯಾಗಲಿಲ್ಲ. ಕೊನೆಗೆ ಅಧಿಕೃತ ವಿಚಾರಣೆ ನಡೆದು, ದೋಣಿಯ ಚೂರುಗಳ ಮೇಲೆ ಬೆಳೆದಿದ್ದ ಕಡಲಜೀವಿಗಳೇ ಸಾಕ್ಷಿ ಹೇಳಿದವು. ಅವರು ಹೇಳಿದ್ದು ನಿಜ ಎಂದಾಯಿತು.

ಇದರ ಪಕ್ಕಕ್ಕೆ 1997ರ ಜನವರಿಯ ಇನ್ನೊಂದು ಘಟನೆ ಇಟ್ಟು ನೋಡಿ. ಬ್ರಿಟನ್ನಿನ ಟೋನಿ ಬುಲಿಮೋರ್ ಅವರದ್ದು ಒಂದೇ ಒಡಲಿನ, ಕೀಲ್ ಇರುವ ದೋಣಿ, ತಾನೇ ಎದ್ದು ನಿಲ್ಲುವ ಜಾತಿಯದು. ದಕ್ಷಿಣ ಸಾಗರದ ಬಿರುಗಾಳಿಯಲ್ಲಿ ಕೀಲೇ ಮುರಿದು ಬಿತ್ತು. ಗೊಂಬೆಯ ತಳಭಾರ ಹೋದ ಮೇಲೆ ಏಳುವುದೆಲ್ಲಿ? ದೋಣಿ ಬೋರಲಾಗಿ ಉಳಿಯಿತು. 57 ವರ್ಷದ ಆತ ಕತ್ತಲಲ್ಲಿ, ಹಿಮದಂಥ ನೀರಿನ ನಡುವೆ, ಒಡಲಿನೊಳಗೇ ಸುಮಾರು ಐದು ದಿನ ಇದ್ದರು. ಆಸ್ಟ್ರೇಲಿಯಾ ನೌಕಾಪಡೆಯ ಹಡಗು 'ಅಡಿಲೇಡ್' ಬಂದು, ಸೈನಿಕರು ಒಡಲನ್ನು ಬಡಿದಾಗ ಈಜಿ ಹೊರಬಂದರು. ಅವರನ್ನು ಹುಡುಕಲು ಸಾಧ್ಯವಾದದ್ದು ದೋಣಿ ಕಾಣಿಸಿದ್ದರಿಂದ.

ನೀರಿನಲ್ಲಿರುವ ಮನುಷ್ಯ ದೂರದಿಂದ ಕಾಣುವುದು ತೇಲುವ ತೆಂಗಿನಕಾಯಿಯಷ್ಟು. ಅಲೆ ಇದ್ದರೆ ಅದೂ ಕಾಣುವುದಿಲ್ಲ. ಬೋರಲಾದ ದೋಣಿ ಹೆಲಿಕಾಪ್ಟರಿನಿಂದಲೂ ಕಾಣುತ್ತದೆ. ಇನ್ನೊಂದು ಸಂಗತಿ, ದಡ ಯಾವಾಗಲೂ ಇರುವುದಕ್ಕಿಂತ ಹತ್ತಿರ ಕಾಣಿಸುತ್ತದೆ. ಪ್ರವಾಹ ಎದುರಿಗಿದ್ದರೆ ನುರಿತ ಈಜುಗಾರರೂ ಮುಂದೆ ಸಾಗುವುದಿಲ್ಲ. ನೀರು ಮೈಯ ಶಾಖವನ್ನು ಗಾಳಿಗಿಂತ ಹಲವು ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಹಾಗಾಗಿ ನಮ್ಮ ಅರಬ್ಬಿ ಸಮುದ್ರದ ಬೆಚ್ಚನೆಯ ನೀರಿನಲ್ಲೂ ಗಂಟೆಗಟ್ಟಲೆ ಇದ್ದರೆ ಮೈ ನಡುಗತೊಡಗುತ್ತದೆ. ಎರಡು ಮೂರು ಸಲ ಪ್ರಯತ್ನಿಸಿಯೂ ದೋಣಿ ಏಳದಿದ್ದರೆ, ಇನ್ನೂ ಶಕ್ತಿ ಇರುವಾಗಲೇ ಬೋರಲಾದ ಹೊಟ್ಟೆಯ ಮೇಲೆ ಹತ್ತಿ ಕೂರಬೇಕು. ಮೊದಲು ಮಕ್ಕಳನ್ನು ಹತ್ತಿಸಬೇಕು.

ಫೋನ್ ನೀರು ಹೋಗದ ಚೀಲದಲ್ಲಿದ್ದು ಸಿಗ್ನಲ್ ಸಿಕ್ಕಿದರೆ ಭಾರತದ ಕರಾವಳಿಯಲ್ಲಿ ಕೋಸ್ಟ್ ಗಾರ್ಡಿನ ಉಚಿತ ಸಂಖ್ಯೆ 1554, ಕೆರೆ ಹೊಳೆಗಳಲ್ಲಾದರೆ 112. ಚೀಲ ಮಾತ್ರ ದೋಣಿಗೆ ಕಟ್ಟಿರದೆ ನಿಮ್ಮ ಮೈಗೇ ಕಟ್ಟಿರಬೇಕು, ಬೋರಲಾದ ದೋಣಿಯ ಒಳಗಿರುವ ಫೋನ್ ಯಾರಿಗೂ ಸಿಗುವುದಿಲ್ಲ.

ಎತ್ತುವ ಹಗ್ಗದ ವಿಷಯವೂ ಹಾಗೆಯೇ. ಗಂಟು ಹಾಕಬೇಕಾದ ಬಳೆಗಳು, ಕೊಕ್ಕೆಗಳೆಲ್ಲ ದೋಣಿಯ ಮೇಲ್ಭಾಗದಲ್ಲಿರುತ್ತವೆ. ಮಗುಚಿದ ಮೇಲೆ ಅವೆಲ್ಲ ನೀರಿನಡಿಗೆ ಹೋಗುತ್ತವೆ. ಆದ್ದರಿಂದ 4–5 ಮೀಟರಿನ, ಅಲ್ಲಲ್ಲಿ ಗಂಟು ಹಾಕಿದ ಒಂದೊಂದು ಹಗ್ಗವನ್ನು ಎರಡೂ ತೋಳುಗಳಿಗೆ ದಡದಲ್ಲಿರುವಾಗಲೇ ಕಟ್ಟಿ, ಮಗುಚಿದ ದೋಣಿಯ ಹೊಟ್ಟೆಯ ಕಡೆಯಿಂದಲೂ ಕೈಗೆ ಸಿಗುವಂತೆ ಸಿಕ್ಕಿಸಿಡುತ್ತಾರೆ. ಹೊಸ ದೋಣಿ ಕೊಂಡವರು ಮೊದಲ ದಿನವೇ ಗಾಳಿಯಿಲ್ಲದ, ಕಂಬ ನೆಲಕ್ಕೆ ತಾಗದಷ್ಟು ಆಳದ ನೀರಿನಲ್ಲಿ, ಪಕ್ಕದಲ್ಲಿ ಇನ್ನೊಂದು ದೋಣಿ ನಿಲ್ಲಿಸಿಕೊಂಡು, ಬೇಕೆಂದೇ ಅದನ್ನು ಮಗುಚಿ ಎತ್ತಿ ನೋಡುವುದು ಒಳ್ಳೆಯದು. ತೋಳಿನ ಕೊಂಡಿ ಒದ್ದೆ ಕೈಗೆ ಬಿಚ್ಚಲು ಬರುತ್ತದೋ ಇಲ್ಲವೋ ಎಂಬುದು ಅವತ್ತೇ ಗೊತ್ತಾಗುತ್ತದೆ.